ಭಟ್ಟಿಗೆ ಹೋಗದ ಟ್ರೇ

ಚೂರಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಂಡನ ಅಣ್ಣ ಇಟ್ಟದ್ದು. ಮದುವೆಯಾಗಿ ಬೇಕರಿಯವರ ಮನೆಗೆ ಬಂದ ಹೊಸದರಲ್ಲಿ, ಭಟ್ಟಿಯಿಂದ ಆಗಷ್ಟೇ ತೆಗೆದ ಬಿಸ್ಕತ್ತಿನ ಟ್ರೇ ಹಿಡಿದು ಪ್ಯಾಕಿಂಗ್ ಕೋಣೆಯ ಹೊಸ್ತಿಲು ದಾಟುವಾಗ ಎಡವಿದಳು. ಟ್ರೇ ಒಂದು ಕಡೆ, ಅವಳು ಒಂದು ಕಡೆ, ಬಿಸ್ಕತ್ತು ನಾಲ್ಕೂ ಕಡೆ. ಭಾವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಬಂದಳಪ್ಪ ನಮ್ಮನೆಗೆ ಚೂರಮ್ಮ!" ಎಂದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕವರಲ್ಲಿ ಗಂಡನೂ ಇದ್ದ. ಹೆಸರಿಡುವವರಿಗೇನು, ಬಾಯಿ ಇದೆ, ಇಡುತ್ತಾರೆ. ಅದನ್ನು ಹೊತ್ತು ತಿರುಗುವವರ ಕಷ್ಟ ಅವರಿಗೇಕೆ? ಅಂಗಡಿಗೆ ಬರುವವರು ಹಾಗೇ ಕರೆದರು, ಹಾಲಿನವನು ಹಾಗೇ ಕರೆದ, ಕೊನೆಗೆ ಹೆತ್ತ ಮಗಳೂ ಸಿಟ್ಟು ಬಂದಾಗ ಹಾಗೇ ಕರೆದಳು. ಚೂರಮ್ಮ ಮೊದಮೊದಲು ಅತ್ತಳು, ಆಮೇಲೆ ಮುಖ ಊದಿಸಿಕೊಂಡಳು, ಅದಾದ ಮೇಲೆ ಓಗೊಡಲು ಕಲಿತಳು. ಹಾಗೆಂದು ಮರೆತಳು ಎಂದು ಯಾರೂ ತಿಳಿಯಬೇಕಾಗಿಲ್ಲ. ಅವಳು ಮರೆಯುವ ಪೈಕಿಯಲ್ಲ.

ಆ ಮನೆಯಲ್ಲಿ ಕೆಳಗೆ ಬೇಕರಿ, ಮೇಲೆ ಸಂಸಾರ. ರಸ್ತೆಗೆ ಮುಖ ಮಾಡಿ ಅಂಗಡಿ, ಅದರಲ್ಲೊಂದು ಆಳೆತ್ತರದ ಗಾಜಿನ ಬೀರು. ಅದರ ಹಿಂದೆ ಭಟ್ಟಿಯ ಕೋಣೆ. ಇಟ್ಟಿಗೆಯಲ್ಲಿ ಕಟ್ಟಿದ, ಸೌದೆ ಉರಿಸುವ ಆ ದೊಡ್ಡ ಒಲೆ ಮಾವನ ಕಾಲದ್ದು. ಅದರಾಚೆ ಹಿಂದಿನ ಓಣಿಗೆ ಅಂಟಿಕೊಂಡು ಪ್ಯಾಕಿಂಗ್ ಕೋಣೆ: ಒಂದು ಕಿಟಕಿ, ಒಂದು ಕಲ್ಲಿನ ಮೇಜು, ಗೋಡೆಯುದ್ದಕ್ಕೂ ತಗಡಿನ ಡಬ್ಬಗಳು. ಅದು ಚೂರಮ್ಮನ ರಾಜ್ಯ. ತಣ್ಣಗಾದ ಬಿಸ್ಕತ್ತನ್ನು ಆಳುಗಳು ತಂದು ಮೇಜಿನ ಮೇಲೆ ಸುರಿಯುತ್ತಾರೆ. ಇಡಿಯಾಗಿದ್ದದ್ದು ಪೊಟ್ಟಣಕ್ಕೆ, ಮುರಿದದ್ದು ಡಬ್ಬಕ್ಕೆ. ಮುರಿದದ್ದೆಲ್ಲ ಪ್ಯಾಕಿಂಗ್ ಕೋಣೆಯವರ ಪಾಲು, ಅದನ್ನು ಏನು ಮಾಡಿದಿರಿ ಎಂದು ಯಾರೂ ಕೇಳುವಂತಿಲ್ಲ ಎಂಬುದು ಅತ್ತೆ ಮಾಡಿಟ್ಟ ಕಟ್ಟುಪಾಡು. ಅತ್ತೆ ಹೋದ ಮೇಲೂ ಅದಕ್ಕೆ ಯಾರೂ ಕೈ ಹಾಕಿರಲಿಲ್ಲ.

ಮಾವನ ಕಟ್ಟುಪಾಡು ಬೇರೆ. ಹೆಂಗಸರು ಭಟ್ಟಿಯ ಬಾಯಿಗೆ ಹೋಗಕೂಡದು. ಮತ್ತೆ, ಗಾಜಿನ ಬೀರುವಿನಲ್ಲಿ ಯಾರ ಕೈಯ ತಿನಿಸು ಇದೆಯೋ ಅವರಿಗೆ ಮಾತ್ರ ಕೆಳಗಿನ ಕೆಲಸದಲ್ಲಿ ಒಂದು ಜಾಗ, ಒಂದು ಮಾತು. ಭಾವನ ಬ್ರೆಡ್ಡು ಕೇಕು ಅಲ್ಲಿವೆ, ಗಂಡನ ಬಿಸ್ಕತ್ತು ರಸ್ಕು ಅಲ್ಲಿವೆ. ಭಟ್ಟಿ ಮುಟ್ಟದೆ ಬೀರುವಿಗೆ ಏನೂ ಹೋಗುವುದಿಲ್ಲವಾದ್ದರಿಂದ ಹೆಂಗಸರಿಗೆ ಜಾಗವೂ ಇಲ್ಲ, ಮಾತೂ ಇಲ್ಲ. ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಾರೆ ನೋಡಿ, ಒಂದು ದಾರ ಎಳೆಯುವಂತಿಲ್ಲ. ಅತ್ತೆಯ ಕಾಲದಿಂದ ಪ್ಯಾಕಿಂಗ್ ಕೋಣೆ ಹೆಂಗಸರ ಕೈಯಲ್ಲಿ ಉಳಿದದ್ದು ಯಾರಿಗೂ ಅದು ಬೇಡವಾಗಿದ್ದರಿಂದ ಅಷ್ಟೆ.

ಚೂರಮ್ಮನ ಗಂಡ ದೇವರಂಥ ಮನುಷ್ಯ. ಅಂದರೆ, ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ, ಉತ್ತರ ಕೊಡುವುದಿಲ್ಲ. ಅಣ್ಣನ ಎದುರಂತೂ ತುಟಿ ಪಿಟಕ್ಕೆನ್ನುವವನಲ್ಲ. ಆದರೆ ಕೆಲಸದಲ್ಲಿ ಎತ್ತಿದ ಕೈ. ಆಳುಗಳು ಹೊತ್ತ ಟ್ರೇಯಲ್ಲಿ ಮುರಿದದ್ದು ಇದ್ದೇ ಇರುತ್ತಿತ್ತು. ಅವನು ಹೊತ್ತದ್ದರಲ್ಲಿ ಒಂದು ಬಿಸ್ಕತ್ತು ಮುರಿದಿದ್ದರೆ ಅದು ಆ ದಿನದ ಸುದ್ದಿ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಭಾವ ನೀರು ಕುಡಿದು ಲೋಟ ಕೆಳಗಿಟ್ಟ. ಅವನು ಹಾಗೆ ಲೋಟ ಇಟ್ಟನೆಂದರೆ ಏನೋ ತೀರ್ಮಾನ ಹೊರಬೀಳುತ್ತದೆ ಎಂದು ಮನೆಮಂದಿಗೆಲ್ಲ ಗೊತ್ತು.

"ಪ್ಯಾಕಿಂಗ್ ಕೋಣೆ ಒಡೆಸ್ತಾ ಇದ್ದೀನಿ," ಎಂದ. "ಅಲ್ಲಿಗೆ ಇನ್ನೊಂದು ಭಟ್ಟಿ ಬರುತ್ತೆ. ಪೊಟ್ಟಣ ಕಟ್ಟೋಕೆ ಮಿಷನ್ನು ನೋಡಿದ್ದೀನಿ, ಅಂಗಡಿ ಮೂಲೇಲಿ ಹಿಡಿಯುತ್ತೆ. ಮೇಸ್ತ್ರಿ ಮುಂದಿನ ತಿಂಗಳು ಬರ್ತಾನೆ." ಆಮೇಲೆ ಚೂರಮ್ಮನ ಕಡೆ ತಿರುಗಿ, ದನಿಯನ್ನು ಬೆಣ್ಣೆ ಮಾಡಿಕೊಂಡು, "ನೀನಿನ್ನು ಮೇಲೇನೇ ಆರಾಮಾಗಿರಮ್ಮ. ದುಡಿದಿದ್ದು ಸಾಕು," ಎಂದ.

ಆ ಬೆಣ್ಣೆಯೇ ಅವಳಿಗೆ ಬೆಂಕಿಯಾಯಿತು. ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದಳು. ಬೆಳಗಾದರೆ ಕೆಳಗಿಳಿದು ಆ ಕಿಟಕಿ ತೆರೆದು, ಕಲ್ಲಿನ ಮೇಜು ಒರೆಸಿ, ತನ್ನದೇ ಸ್ಟೂಲಿನ ಮೇಲೆ ಕೂರುವ ಹೆಂಗಸು ಅವಳು. ಆ ಕೋಣೆ ಹೋದರೆ ಇಡೀ ಕಟ್ಟಡದಲ್ಲಿ ಅವಳದು ಎನ್ನುವ ಒಂದು ಮೂಲೆಯೂ ಉಳಿಯುವುದಿಲ್ಲ.

"ಆರಾಮ ಯಾರು ಕೇಳಿದ್ರು ಭಾವ?" ಎಂದಳು.

ಗಂಡ ತಟ್ಟೆಯಲ್ಲಿ ಏನೋ ಕಳೆದುಹೋದವನಂತೆ ಹುಡುಕತೊಡಗಿದ. ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು.

"ಕೇಳಬೇಕಾ? ವಯಸ್ಸಾಯ್ತಲ್ಲ," ಎಂದ ಭಾವ.

"ನಿಮಗೆ ನನಗಿಂತ ಜಾಸ್ತಿ ಆಗಿದೆ. ನೀವು ಮೇಲೆ ಬರ್ತೀರಾ?"

ಭಾವನ ಹುಬ್ಬು ಗಂಟಾಯಿತು. "ನೋಡು, ಈ ಮನೇಲಿ ಅಪ್ಪ ಹೇಳಿದ್ದೇ ನಡೆಯೋದು. ಗಾಜಿನ ಬೀರುವಲ್ಲಿ ಯಾರದ್ದು ಇದೆಯೋ ಅವರಿಗೆ ಕೆಳಗೆ ಜಾಗ. ನಿನ್ನದೇನಿದೆ ಅದರಲ್ಲಿ? ಇಡು, ಕೋಣೆ ಇಟ್ಕೋ."

"ಇಡ್ತೀನಿ."

"ಭಟ್ಟಿ ಮುಟ್ಟದೆ?" ಭಾವ ನಗತೊಡಗಿದ.

"ಮುಟ್ಟದೇನೇ ಇಡ್ತೀನಿ," ಎಂದು ಕಡ್ಡಿ ಮುರಿದಂತೆ ಹೇಳಿ ಚೂರಮ್ಮ ಕೈ ತೊಳೆಯಲು ಎದ್ದಳು.

ಹೇಳಿದ್ದೇನೋ ಹೇಳಿಬಿಟ್ಟಳು. ಮೇಜಿನ ಮುಂದೆ ಬಂದು ಕೂತ ಮೇಲೆ ಯೋಚನೆ ಹತ್ತಿತು. ಬೇಕರಿಯವರ ಮನೆಯಲ್ಲಿ ಬೇಯಿಸದೆ ಏನು ಮಾಡುವುದು? ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನರ್ಸಮ್ಮ ಬಂದಳು.

ನರ್ಸಮ್ಮ ಪಕ್ಕದ ಓಣಿಯವಳು. ಚಿಕ್ಕ ವಯಸ್ಸಿನಲ್ಲಿ ಇಂಗ್ಲೆಂಡಿನ ಯಾವುದೋ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದು, ಆಮೇಲೆ ಇಲ್ಲಿಯ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು. ಅಂಗಡಿಯ ಮೆಟ್ಟಿಲು ಹತ್ತಲು ಮಂಡಿ ಬಿಡದು ಎಂದು ಹಿಂದಿನ ಕಿಟಕಿಯ ಹತ್ತಿರ ಬಂದು ಬಿಸ್ಕತ್ತು ಕೊಂಡು, ಕಂಬಿಗೆ ಆತು ಅರ್ಧ ಊರಿನ ಸುದ್ದಿ ಹೇಳಿ ಹೋಗುವುದು ಅವಳ ರೂಢಿ. ಚೂರಮ್ಮ ನಡೆದದ್ದನ್ನು ಉಪ್ಪು ಖಾರ ಹಚ್ಚಿಯೇ ಹೇಳಿದಳು.

ನರ್ಸಮ್ಮ ಮುರಿದ ಬಿಸ್ಕತ್ತಿನ ಡಬ್ಬವನ್ನು ನೋಡಿದಳು. "ಅಯ್ಯೋ, ಇಷ್ಟೊಂದು ಚೂರು ಇಟ್ಕೊಂಡು ಅಳ್ತಿದ್ದೀಯಲ್ಲೇ! ಅಲ್ಲಿ ನಮ್ಮ ವಾರ್ಡಿನ ಸಿಸ್ಟರುಗಳು ಟೀ ಜೊತೆಗೆ ಅಂತ ಒಂದು ಮಾಡ್ತಿದ್ರು. ಅಲ್ಲಿ ಮನೆಮನೇಲೂ ಮಾಡ್ತಾರೆ, ಅವರ ಅಜ್ಜಿಯರ ಕಾಲದಿಂದ. ಮುರಿದ ಬಿಸ್ಕತ್ತು, ಬೆಣ್ಣೆ, ಸಕ್ಕರೆ ಪಾಕ, ಕೋಕೋ ಪುಡಿ, ಒಂದು ಹಿಡಿ ಒಣದ್ರಾಕ್ಷಿ. ಎಲ್ಲ ಕಲಸಿ ತಗಡಿನ ಟ್ರೇಗೆ ಒತ್ತೋದು, ಮೇಲೆ ಕರಗಿಸಿದ ಚಾಕೊಲೇಟು ಹುಯ್ಯೋದು, ತಣ್ಣಗೆ ಇಡೋದು. ಗಟ್ಟಿಯಾದ ಮೇಲೆ ಚೌಕ ಚೌಕ ಕತ್ತರಿಸೋದು."

"ಬೇಯಿಸೋದು ಯಾವಾಗ?"

"ಬೇಯಿಸೋದೇ ಇಲ್ಲ ಕಣಮ್ಮ."

ಚೂರಮ್ಮ ಸ್ಟೂಲಿನಿಂದ ಎದ್ದು ನಿಂತಳು. "ಇನ್ನೊಂದು ಸಲ ಹೇಳಿ," ಎಂದಳು.

ಮೊದಲ ಸಲ ಮಾಡಿದ್ದು ಕೆಟ್ಟಿತು. ಅತ್ತೆಯ ಕಾಲದಿಂದ ಚೂರು ಎಂದರೆ ಕುಟ್ಟಿ ಪುಡಿ ಮಾಡಿ ಮಕ್ಕಳಿಗೆ ಕೊಡುವುದು ಎಂದೇ ಕೈಗೆ ರೂಢಿ. ಹಾಗೇ ನುಣ್ಣಗೆ ಪುಡಿ ಮಾಡಿ ಕಲಸಿದಳು. ಬಂದದ್ದು ಅಂಟು ಕೆಸರು. ಎರಡನೆಯ ಸಲ ಬೆಣ್ಣೆ ಕಾಯುತ್ತಿರುವಾಗಲೇ ಬಿಸ್ಕತ್ತು ಹಾಕಿದಳು, ಎಲ್ಲ ಮೆತ್ತಗಾಗಿ ಕೂತಿತು. ಅಡುಗೆಮನೆಯ ಕಟ್ಟೆಯ ಮೇಲೆ ಬೆಣ್ಣೆ, ಕೈಗೆ ಕೋಕೋ, ಮೂಗಿಗೂ ಕೋಕೋ. ವಾರಗಿತ್ತಿ ಬಾಗಿಲಲ್ಲಿ ನಿಂತು, "ಅವರಿಗೆ ಗೊತ್ತಾದ್ರೆ ನನ್ನ ತಲೆ ತಿಂತಾರೆ, ನನಗೇನೂ ಗೊತ್ತಿಲ್ಲಪ್ಪ," ಎನ್ನುತ್ತಲೇ ಕೆಟ್ಟುಹೋದ ಪಾತ್ರೆಯನ್ನು ಬಳಿದು ಬಳಿದು ತಿಂದಳು.

"ಕೆಟ್ಟಿದೆ ಅಕ್ಕ, ಬಿಡಿ ಅದನ್ನ."

"ಕೆಟ್ಟಿದ್ದೇ ಹಿಂಗಿದ್ರೆ ಸರಿ ಹೋದದ್ದು ಹೆಂಗಿರುತ್ತೋ," ಎಂದಳು ವಾರಗಿತ್ತಿ, ಬೆರಳು ಚೀಪುತ್ತ.

ಮೂರನೆಯ ಸಲ ಚೂರಮ್ಮ ಅವಸರ ಮಾಡಲಿಲ್ಲ. ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಬೆಣ್ಣೆ ಕರಗಿಸಿ, ಪಾಕವನ್ನೂ ಕೋಕೋ ಪುಡಿಯನ್ನೂ ಗಂಟಿಲ್ಲದಂತೆ ಬೆರೆಸಿ ಕೆಳಗಿಳಿಸಿದಳು. ಬೆರಳು ಅದ್ದಿದರೆ ಸುಡದಷ್ಟು ಆರುವವರೆಗೆ ಕಾದಳು. ಬಿಸ್ಕತ್ತನ್ನು ಕುಟ್ಟಲಿಲ್ಲ, ಉಗುರಿನಷ್ಟು, ಹೆಬ್ಬೆರಳಿನಷ್ಟು ತುಂಡುಗಳಾಗಿ ಕೈಯಲ್ಲೇ ಮುರಿದಳು. ಸಿಹಿ ಬಿಸ್ಕತ್ತಿನ ಜೊತೆಗೆ ಒಂದಿಷ್ಟು ಉಪ್ಪು ಬಿಸ್ಕತ್ತನ್ನೂ ಸೇರಿಸಿದಳು. ಅದು ನರ್ಸಮ್ಮ ಹೇಳಿದ್ದಲ್ಲ, ಅವಳದೇ ಕಿತಾಪತಿ. ಎಣ್ಣೆಕಾಗದ ಹಾಸಿದ ಟ್ರೇಗೆ ಸುರಿದು, ಚಪ್ಪಟೆ ತಳದ ಲೋಟದಿಂದ ಮೂಲೆಮೂಲೆಗೂ ಒತ್ತಿದಳು. ಮೇಲೆ ಚಾಕೊಲೇಟು ಹುಯ್ದು ಫ್ರಿಜ್ಜಿನಲ್ಲಿಟ್ಟು, ಸಂಜೆಯಾಗುವ ಹೊತ್ತಿಗೆ ತೆಗೆದು, ಬಿಸಿನೀರಿನಲ್ಲಿ ಅದ್ದಿದ ಚಾಕುವಿನಿಂದ ಕತ್ತರಿಸಿದಳು. ತುಂಡಿನ ಅಂಚಿನಲ್ಲಿ ಕಪ್ಪು ಚಾಕೊಲೇಟಿನ ನಡುವೆ ಬಿಸ್ಕತ್ತಿನ ಚೂರುಗಳು ಬೆಳ್ಳಗೆ ಕಂಡವು. ಕಚ್ಚಿದರೆ ಮೊದಲು ಮೆತ್ತಗೆ, ಆಮೇಲೆ ಕರಕ್.

ಚೂರಮ್ಮ ಯಾರನ್ನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಟ್ರೇಯನ್ನು ಎತ್ತಿಕೊಂಡು ಅಂಗಡಿಗೆ ಹೋಗಿ, ಭಾವನ ಕೇಕುಗಳನ್ನು ಪಕ್ಕಕ್ಕೆ ಸರಿಸಿ, ಗಾಜಿನ ಬೀರುವಿನ ನಟ್ಟನಡುವಿನ ಅರೆಯಲ್ಲಿ ಇಟ್ಟಳು.

ಭಾವ ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. ಬಗ್ಗಿ ಮೂಸಿ ನೋಡಿದ. "ಎಷ್ಟು ಹೊತ್ತು ಬೇಯಿಸ್ದೆ ಇದನ್ನ?"

"ಬೇಯಿಸಿಲ್ಲ. ಭಟ್ಟಿ ಮುಟ್ಟಬಾರದಲ್ಲ, ಮುಟ್ಟಿಲ್ಲ."

"ಹಾಗಾದ್ರೆ ತೆಗಿ. ಬೆಂಕಿ ಕಾಣದ್ದು ನಮ್ಮ ಬೀರುವಲ್ಲಿ ಇರೋದಿಲ್ಲ."

"ಇದರೊಳಗಿರೋ ಬಿಸ್ಕತ್ತು ನಿಮ್ಮ ಭಟ್ಟಿಯಿಂದಾನೇ ಬಂದಿದ್ದು ಭಾವ. ಒಂದು ಸಲ ಬೆಂದಿದ್ದನ್ನ ಇನ್ನೆಷ್ಟು ಸಲ ಬೇಯಿಸ್ತೀರಿ?"

ಬ್ರೆಡ್ಡು ಕೊಳ್ಳಲು ನಿಂತಿದ್ದ ಟೈಲರು ಕಿಸಕ್ಕನೆ ನಕ್ಕ. ಅಲ್ಲಿಗೆ ಭಾವನ ಮುಖ ಕೆಂಪಾಯಿತು. ಟ್ರೇಯನ್ನು ಹೊರಗೆಳೆದು ಅವಳ ಕೈಗೆ ಕೊಟ್ಟ. "ಅಪ್ಪನ ಮಾತು ಅಂದ್ರೆ ಭಟ್ಟಿ ಮಾತು. ನಿನಗೆ ಬೇಕಾದ ಹಾಗೆ ತಿರುಚಬೇಡ."

ತಿರುಚಿದ್ದು ಯಾರು? ಮಾವ ಹೇಳಿದ್ದು ಬೀರುವಿನ ಮಾತು. ಬೆಂಕಿಯ ಮಾತನ್ನು ಆ ಕ್ಷಣದಲ್ಲಿ ಹುಟ್ಟಿಸಿಕೊಂಡವನು ಭಾವ. ಸೋತೆ ಎಂದು ಕಂಡಾಗ ಆಟದ ನಿಯಮ ಬದಲಾಯಿಸುವವರ ಹತ್ತಿರ ಏನು ವಾದ ಮಾಡುವುದು? ಚೂರಮ್ಮನ ಕಣ್ಣು ತುಂಬಿ ಬಂದದ್ದು ನಿಜ. ಅದು ದುಃಖವಲ್ಲ, ಕಡುಕೋಪ. ಟ್ರೇ ಹೊತ್ತು ಪ್ಯಾಕಿಂಗ್ ಕೋಣೆಗೆ ಬಂದಳು, ಓಣಿಯ ಕಡೆಯ ಕಿಟಕಿಯ ಎರಡೂ ಬಾಗಿಲು ತೆರೆದಳು, ಕಟ್ಟೆಯ ಮೇಲೆ ಟ್ರೇ ಇಟ್ಟು ಸ್ಟೂಲೆಳೆದುಕೊಂಡು ಕೂತಳು.

ಮೊದಲು ನರ್ಸಮ್ಮ ಬಂದಳು. ಒಂದು ತುಂಡು ಬಾಯಿಗಿಟ್ಟು ಊರಿನ ಸುದ್ದಿಯನ್ನೇ ಮರೆತು ಇನ್ನೊಂದಕ್ಕೆ ಕೈ ಚಾಚಿದಳು, ಅದೇ ಅವಳ ಮಟ್ಟಿಗೆ ದೊಡ್ಡ ಪ್ರಮಾಣಪತ್ರ. ಆಮೇಲೆ ಅಂಗಡಿಯಲ್ಲಿ ನಕ್ಕಿದ್ದ ಟೈಲರು ಸುತ್ತು ಹಾಕಿಕೊಂಡು ಬಂದ. ಅವನು ಹೋಗಿ ಚಪ್ಪಲಿ ಹೊಲಿಯುವವನಿಗೆ ಹೇಳಿದ, ನರ್ಸಮ್ಮ ಹೋಗಿ ಆಸ್ಪತ್ರೆಗೆಲ್ಲ ಹೇಳಿದಳು. ವಾರ ತುಂಬುವುದರೊಳಗೆ ಹಿಂದಿನ ಓಣಿಯಲ್ಲಿ ಜನ ನಿಲ್ಲತೊಡಗಿದರು. ಅದಕ್ಕೆ ಹೆಸರೇ ಇರಲಿಲ್ಲ. "ಚೂರಮ್ಮಂದು ಎರಡು ಕೊಡಿ" ಎನ್ನುತ್ತಿದ್ದರು, ಅಷ್ಟೆ.

ಭಾವ ಇದನ್ನು ಸುಮ್ಮನೆ ನೋಡುವವನೇ? ಅತ್ತೆಯ ಕಟ್ಟುಪಾಡನ್ನು ನೇರವಾಗಿ ಮುರಿಯಲು ಅವನಿಗೂ ಧೈರ್ಯವಿರಲಿಲ್ಲ. ಹೆತ್ತ ತಾಯಿಯ ಮಾತು. ಅದಕ್ಕೊಂದು ಉಪಾಯ ಹುಡುಕಿದ. ಆಳುಗಳನ್ನು ಬಿಸ್ಕತ್ತಿನ ಟ್ರೇಯಿಂದ ಬಿಡಿಸಿ ಬ್ರೆಡ್ಡಿಗೆ ಹಾಕಿ, ತಮ್ಮನನ್ನು ಕರೆದು ಹೇಳಿದ, "ಇನ್ಮೇಲೆ ಎಲ್ಲಾ ಟ್ರೇನೂ ನೀನೇ ಎತ್ತು. ನಿನ್ನ ಕೈಯಲ್ಲಿ ಮುರಿಯಲ್ಲ. ಚೂರೇ ಇಲ್ಲ ಅಂದ್ಮೇಲೆ ಚೂರಮ್ಮ ಏನು ಮಾಡ್ತಾಳೆ ನೋಡೋಣ."

ತಮ್ಮ ತಲೆಯಾಡಿಸಿದ. ಅದನ್ನು ಚೂರಮ್ಮ ಗೋಡೆಯಾಚೆಯಿಂದಲೇ ಕೇಳಿದಳು. ಗಂಡನ ಕೈಚಳಕ ಅವಳಿಗೆ ಗೊತ್ತು. ಡಬ್ಬಗಳಲ್ಲಿ ಉಳಿದ ಚೂರು ನಾಲ್ಕಾರು ದಿನಕ್ಕೆ ಸಾಲದು. ಆ ಹೊತ್ತು ಅವಳಿಗೆ ಭಾವನ ಮೇಲೆ ಬಂದ ಸಿಟ್ಟಿಗಿಂತ ಗಂಡನ ಮೇಲೆ ಬಂದ ಸಿಟ್ಟು ಹೆಚ್ಚು. ಅಂದು ನಕ್ಕಿದ್ದ, ಇಂದು ತಲೆಯಾಡಿಸಿದ. ಇಷ್ಟು ವರ್ಷ ಜೊತೆಗಿದ್ದು ಇಷ್ಟೇ ಏನು?

ಮರುದಿನ ಬೆಳಿಗ್ಗೆ ಭಟ್ಟಿಯ ಕೋಣೆಯಿಂದ ಢಣ್ ಎಂದು ದೊಡ್ಡ ಸದ್ದು ಬಂತು. ಚೂರಮ್ಮ ಓಡಿ ಹೋಗಿ ನೋಡಿದರೆ, ಟ್ರೇ ಒಂದು ಕಡೆ, ಬಿಸ್ಕತ್ತು ನಾಲ್ಕೂ ಕಡೆ. ನಡುವೆ ಗಂಡ ಕೈ ಕಟ್ಟಿ ನಿಂತಿದ್ದ. ಜೀವಮಾನದಲ್ಲಿ ಒಂದು ಬಿಸ್ಕತ್ತು ಮುರಿಯದ ಮನುಷ್ಯ.

"ಏನೋ ಇದು!" ಎಂದು ಭಾವ ಕೂಗಿದ.

"ಕೈ ಜಾರ್ತು ಅಣ್ಣ."

ನೆಲಕ್ಕೆ ಬಿದ್ದದ್ದನ್ನು ಯಾರೂ ತಿನ್ನುವುದಿಲ್ಲ, ಅದನ್ನು ಗುಡಿಸಿ ಹಾಕಿದ್ದಾಯಿತು. ಮಾರನೆಯ ದಿನ ಅವನ ಕೈ ಇನ್ನೂ ಜಾಣತನದಿಂದ ಜಾರಿತು. ಟ್ರೇ ನೆಲಕ್ಕೆ ಬೀಳದೆ ನೇರವಾಗಿ ಪ್ಯಾಕಿಂಗ್ ಕೋಣೆಯ ಕಲ್ಲಿನ ಮೇಜಿನ ಮೇಲೆ, ಚೂರಮ್ಮ ಒರೆಸಿಟ್ಟ ಜಾಗದಲ್ಲಿ, ಮೊಳದೆತ್ತರದಿಂದ ಬಿತ್ತು. ಅದರ ಮಾರನೆಯ ದಿನವೂ ಅಷ್ಟೆ. ಡಬ್ಬಗಳು ಮತ್ತೆ ತುಂಬಿದವು. ಭಾವ ಕೂಗಾಡಿದ, ಎಗರಾಡಿದ. ತಮ್ಮ ಎಂದಿನಂತೆ ಕೇಳಿಸಿಕೊಂಡ, ಎಂದಿನಂತೆ ಉತ್ತರ ಕೊಡಲಿಲ್ಲ. ಆ ಮೌನ ಮೊಟ್ಟಮೊದಲ ಸಲ ಚೂರಮ್ಮನ ಪಕ್ಷದಲ್ಲಿತ್ತು.

"ನಿಜ ಹೇಳ್ರೀ," ಎಂದಳು ಅವಳು, ಇಬ್ಬರೇ ಇದ್ದಾಗ. "ನಿಜಕ್ಕೂ ಜಾರ್ತಾ?"

ಗಂಡ ತನ್ನ ಅಂಗೈ ನೋಡಿಕೊಂಡ. "ವಯಸ್ಸಾಯ್ತಲ್ಲ," ಎಂದ. ಆಮೇಲೆ ಮೆಲ್ಲಗೆ, "ಅವತ್ತು ನಾನು ನಗಬಾರದಿತ್ತು," ಎಂದ.

ಯಾವತ್ತು ಎಂದು ಚೂರಮ್ಮ ಕೇಳಲಿಲ್ಲ. ಡಬ್ಬದ ಮುಚ್ಚಳ ತೆಗೆದು ನೋಡಿ, "ನಾಳೆ ಉಪ್ಪು ಬಿಸ್ಕತ್ತಿನ ಟ್ರೇನೂ ಒಂದು ಜಾರಲಿ. ಅದು ಕಮ್ಮಿ ಇದೆ," ಎಂದಳು.

ಮೇಸ್ತ್ರಿ ಬರುವ ದಿನ ಹತ್ತಿರವಾಯಿತು. ಕಿಟಕಿಯಲ್ಲಿ ಜನ ಎಷ್ಟೇ ನಿಲ್ಲಲಿ, ಬೀರುವಿನಲ್ಲಿ ಟ್ರೇ ಇಲ್ಲ, ಹಾಗಾಗಿ ಕೋಣೆಯೂ ಇಲ್ಲ. ಭಾವ ದಿನಕ್ಕೊಮ್ಮೆ ಬಂದು ಗೋಡೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ ಹೋಗುತ್ತಿದ್ದ. ಅವನು ಬಡಿದಾಗಲೆಲ್ಲ ಚೂರಮ್ಮ ಲೋಟದಿಂದ ಟ್ರೇಯನ್ನು ಇನ್ನೂ ಜೋರಾಗಿ ಕುಟ್ಟಿ ಒತ್ತುತ್ತಿದ್ದಳು.

ಆಗ ಆಸ್ಪತ್ರೆಯ ಗುಮಾಸ್ತ ಬಂದ. ಹಿಂದಿನ ಕಿಟಕಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಮರ್ಯಾದೆಯಾಗಿ ಮುಂದಿನ ಬಾಗಿಲಿಂದಲೇ ಬಂದು ಭಾವನ ಎದುರು ನಿಂತ. ಅವರ ದೊಡ್ಡ ಸಿಸ್ಟರು ನಿವೃತ್ತಿಯಾಗುತ್ತಿದ್ದಾರೆ, ನಾಳೆ ಸಂಜೆ ಬೀಳ್ಕೊಡುಗೆ, ಇಡೀ ಆಸ್ಪತ್ರೆಗೆ ಸಾಕಾಗುವಷ್ಟು ಬೇಕು.

"ಏನು, ಕೇಕಾ?" ಎಂದ ಭಾವ.

"ಕೇಕಲ್ಲ. ನಿಮ್ಮ ಅಂಗಡಿಯ ಆ ಚೂರಮ್ಮಂದು."

ಭಾವ ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆದರೆ ಅಷ್ಟು ದೊಡ್ಡ ಆರ್ಡರು ಅಂಗಡಿಗೆ ಬಂದು ವರ್ಷವೇ ಆಗಿತ್ತು. "ಆಗಲಿ, ಮಾಡ್ಕೊಡ್ತೀವಿ," ಎಂದುಬಿಟ್ಟ. ಗುಮಾಸ್ತ ಹೋದ ಮೇಲೆ ಒಳಗೆ ಬಂದು ಚೂರಮ್ಮನಿಗೆ, "ಇದು ಅಂಗಡಿ ಆರ್ಡರು. ಕಿಟಕಿ ವ್ಯಾಪಾರ ಅಲ್ಲ. ನಾನೇ ಮಾಡ್ತೀನಿ. ಬಿಸ್ಕತ್ತು ನಮ್ದೇ, ಬೆಣ್ಣೆ ನಮ್ದೇ, ಅದೇನು ಮಹಾ ವಿದ್ಯೆ," ಎಂದ.

"ಮಾಡಿ ಭಾವ," ಎಂದಳು ಚೂರಮ್ಮ. "ಒಂದೇ ಮಾತು. ಕಲಸಿದ ಮೇಲೆ ಅದಕ್ಕೆ ಬೆಂಕಿ ತೋರಿಸಬೇಡಿ."

ಭಾವ ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಅವಳೇ ಮಾಡಿ ಎಂದಳಲ್ಲ ಎಂದು ಮಾರನೆಯ ಬೆಳಿಗ್ಗೆ ಅವಳ ಡಬ್ಬಗಳನ್ನೆಲ್ಲ ಎತ್ತಿಸಿ, ಇದ್ದಬದ್ದ ಚೂರನ್ನೆಲ್ಲ ಸುರಿದು, ದೊಡ್ಡ ಕೊಳಗದಲ್ಲಿ ಬೆಣ್ಣೆ, ಪಾಕ, ಕೋಕೋ, ಚಾಕೊಲೇಟು ಎಲ್ಲ ಹಾಕಿ ಕಲಸಿ, ಟ್ರೇಗಳಿಗೆ ಒತ್ತಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಬೆರಳಿನಿಂದ ಒತ್ತಿ ನೋಡಿದರೆ ಮೆತ್ತಗಿತ್ತು. ಹುಟ್ಟಿದಾಗಿನಿಂದ ಭಟ್ಟಿಯ ಮುಂದೆ ಬೆಳೆದವನು ಅವನು. ಮೆತ್ತಗಿದ್ದದ್ದು ಬೆಂಕಿಯೊಳಗೆ ಹೋದರೆ ಗಟ್ಟಿಯಾಗಿ ಬರುತ್ತದೆ ಎಂಬುದನ್ನು ಬಿಟ್ಟು ಬೇರೆ ಸತ್ಯವನ್ನೇ ಕಂಡವನಲ್ಲ. ಕೈ ತಾನಾಗಿಯೇ ಟ್ರೇಗಳನ್ನು ಭಟ್ಟಿಯೊಳಗೆ ತಳ್ಳಿತು. ತೆಗೆದು ನೋಡಿದರೆ ಇನ್ನೂ ಮೆತ್ತಗಿತ್ತು. "ಸಾಲದು," ಎಂದು ಮತ್ತೆ ತಳ್ಳಿದ.

ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಮೇಲಿನ ಮನೆಯವರೆಗೂ ಹೋಯಿತು. ವಾರಗಿತ್ತಿ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು ಬಂದಳು. ಟ್ರೇಗಳಲ್ಲಿ ಬೆಣ್ಣೆಯೆಲ್ಲ ಎಣ್ಣೆಯಾಗಿ ಮೇಲೆ ತೇಲಿ ಕುದಿಯುತ್ತಿತ್ತು, ಕೆಳಗೆ ಚಾಕೊಲೇಟು ಕರಕಲಾಗಿ ತಳ ಹಿಡಿದಿತ್ತು. ಭಾವ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. ಸಂಜೆಗೆ ಆಸ್ಪತ್ರೆಯ ಗಾಡಿ ಬರುತ್ತದೆ. ಡಬ್ಬದಲ್ಲಿ ಒಂದು ಚೂರೂ ಉಳಿದಿಲ್ಲ.

ಅವನು ಪ್ಯಾಕಿಂಗ್ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ. "ಸಂಜೆಗೆ ಆಗುತ್ತಾ?" ಎಂದು ಕೇಳಿದ.

ಚೂರಮ್ಮ ಸ್ಟೂಲಿನಿಂದ ಏಳಲಿಲ್ಲ. ಇಂಥ ಹೊತ್ತಿನಲ್ಲಿ ದೊಡ್ಡ ಮನಸ್ಸು ಮಾಡಿ "ಆಯ್ತು ಬಿಡಿ ಭಾವ" ಎನ್ನುವವರಿದ್ದಾರೆ. ಅವಳು ಆ ಜಾತಿಯವಳಲ್ಲ.

"ಆಗುತ್ತೆ. ಆದ್ರೆ ಚೂರಿಲ್ಲ. ನನ್ನ ಡಬ್ಬ ನೀವೇ ಖಾಲಿ ಮಾಡಿದ್ದೀರಿ. ಇಡೀ ಬಿಸ್ಕತ್ತು ತಂದು ಮುರೀಬೇಕು. ನನಗೆ ಪಾಕ ನೋಡೋ ಕೆಲಸ ಇದೆ. ನೀವು ಕೂತು ಮುರೀರಿ."

"ನಾನಾ?"

"ಇನ್ಯಾರು?"

ಭಾವ ತಮ್ಮನ ಕಡೆ ನೋಡಿದ. ತಮ್ಮ ಆಗಲೇ ಹೊಸ ಬಿಸ್ಕತ್ತಿನ ಟ್ರೇ ತಂದು ಕಲ್ಲಿನ ಮೇಜಿನ ಮೇಲೆ ಇಟ್ಟಾಗಿತ್ತು. ಈ ಸಲ ಬೀಳಿಸಲಿಲ್ಲ, ಮೆಲ್ಲಗೆ ಇಟ್ಟ. ಚೂರಮ್ಮ ಎದ್ದು, ಮೇಲಿನಿಂದ ತರಿಸಿದ ಸ್ಟೌವನ್ನು ಮೂಲೆಯಲ್ಲಿ ಹಚ್ಚಿ ಪಾಕಕ್ಕೆ ಇಟ್ಟಳು, ಭಾವ ಅವಳ ಸ್ಟೂಲಿನ ಮೇಲೆ ಕೂತ. ಬಿಸ್ಕತ್ತು ಕೈಗೆ ತೆಗೆದುಕೊಂಡು ನೋಡಿದ, ಅಷ್ಟು ದುಂಡಗಿನದನ್ನು ಮುರಿಯಲು ಮನಸ್ಸೇ ಬಾರದು. ಕಡೆಗೆ ಮುರಿದ.

"ದಪ್ಪ ಆಯ್ತು ಭಾವ. ಇನ್ನೂ ಸಣ್ಣಗೆ, ಉಗುರಿನಷ್ಟು."

ಮುರಿದ.

"ಪುಡಿ ಮಾಡ್ತಿದ್ದೀರಲ್ಲ! ಉಗುರಿನಷ್ಟು ಅಂದೆ."

ವಾರಗಿತ್ತಿ ಬಾಗಿಲಲ್ಲಿ ನಿಂತು ಬಾಯಿಗೆ ಬಟ್ಟೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. ಕೊನೆಗೆ ತಡೆಯಲಾಗದೆ, "ಏನ್ರೀ, ಈಗ ನಿಮಗೇನಂತ ಹೆಸರಿಡೋದು?" ಎಂದಳು. ಆ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಭಾವ ನಗಲಿಲ್ಲ. ಚೂರಮ್ಮನೂ ನಗಲಿಲ್ಲ, ಅವಳು ಪಾಕ ನೋಡುತ್ತಿದ್ದಳು. ನಗುವಿನ ಸದ್ದು ನಗೆಗೀಡಾದವರ ಕಡೆಯಿಂದ ಕೇಳಿದರೆ ಹೇಗಿರುತ್ತದೆ ಎಂದು ಭಾವನಿಗೆ ಗೊತ್ತಾಗಲಿ ಎಂದು ಅವಳು ಬಾಯಿ ಹಾಕದೆ ಬಿಟ್ಟಳು.

ಅಂಗಡಿಯ ಫ್ರಿಜ್ಜಿನಿಂದ ತಂಪು ಪಾನೀಯದ ಬಾಟಲಿಗಳನ್ನೆಲ್ಲ ಹೊರಗಿಟ್ಟು ಟ್ರೇಗಳನ್ನು ಒಳಗಿಟ್ಟರು. ಬಾಗಿಲನ್ನು ಯಾರೂ ತೆರೆಯಕೂಡದು ಎಂದು ಚೂರಮ್ಮ ಅಪ್ಪಣೆ ಮಾಡಿದಳು. ತೆರೆದು ಬೆರಳೊತ್ತಲು ಹೋದ ಭಾವನ ಕೈಗೆ ಒಂದು ಪೆಟ್ಟೂ ಬಿತ್ತು. ಸಂಜೆ ಗಾಡಿ ಬಂದಾಗ ಚೌಕ ತುಂಡುಗಳು ಸಾಲಾಗಿ ಕಾಗದದ ಪೆಟ್ಟಿಗೆಗಳಲ್ಲಿ ಕೂತಿದ್ದವು. ಒಂದು ಟ್ರೇ ಮಾತ್ರ ಚೂರಮ್ಮ ಕಳಿಸಲಿಲ್ಲ. ಅದನ್ನು ಭಾವನ ಕೈಗೆ ಕೊಟ್ಟಳು.

"ನೀವೇ ತೆಗೆದದ್ದು, ನೀವೇ ಇಡಿ."

ಭಾವ ಅದನ್ನು ಹೊತ್ತುಕೊಂಡು ಹೋಗಿ ಗಾಜಿನ ಬೀರುವಿನ ನಡುವಿನ ಅರೆಯಲ್ಲಿ, ತನ್ನ ಕೇಕುಗಳನ್ನು ಸರಿಸಿ, ಇಟ್ಟ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಅಳತೆಯ ಟೇಪು ಹಿಡಿದು ಬಂದ. ಭಾವ ಮುಖ ಸಪ್ಪಗೆ ಮಾಡಿಕೊಂಡು, "ಕೋಣೆ ಒಡೆಯೋದು ಬೇಡಪ್ಪ. ಹಾಗೇ ಇರಲಿ. ನೀನು ಹೊರಡು," ಎಂದ.

"ಹೊರಡೋದ್ಯಾಕೆ?" ಎಂದಳು ಚೂರಮ್ಮ ಒಳಗಿನಿಂದ. "ಬಂದಿದ್ದೀರಲ್ಲ, ಕೆಲಸ ಇದೆ. ಓಣಿ ಕಡೆಯ ಈ ಕಿಟಕಿ ಕಿತ್ತು ಬಾಗಿಲು ಮಾಡಿ."

"ಬಾಗಿಲು ಯಾಕೆ?" ಎಂದ ಭಾವ. "ಬೀರುವಲ್ಲಿ ಜಾಗ ಕೊಟ್ಟಾಯ್ತಲ್ಲ!"

"ಬೀರು ನಿಮ್ಮ ಕಣ್ಣೆದುರಿಗಿದೆ. ನಾಳೆ ನಿಮಗೆ ಇನ್ನೊಂದು ನಿಯಮ ನೆನಪಾಗುತ್ತೆ, ಮತ್ತೆ ಟ್ರೇ ನನ್ನ ಕೈಗೆ ಬರುತ್ತೆ. ಬಾಗಿಲನ್ನ ನೀವು ಕೈಗೆ ಕೊಡೋಕಾಗಲ್ಲ. ನನಗೆ ಎರಡೂ ಬೇಕು."

ಭಾವ ತಮ್ಮನ ಕಡೆ ತಿರುಗಿದ. "ನೋಡೋ, ಏನಂತಾಳೆ ನಿನ್ನ ಹೆಂಡ್ತಿ! ನೀನೇನಂತೀಯಾ?"

ತಮ್ಮ ಹಿಟ್ಟಿನ ಕೈ ಒರೆಸಿಕೊಂಡು ಬಂದ. ಅಣ್ಣನ ಮುಖ ನೋಡಿದ. ಅಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಒಮ್ಮೆಲೇ ಬರುತ್ತದೇನೋ ಎಂದು ಎಲ್ಲರೂ ಕಾದರು. ಅವನು ಮೇಸ್ತ್ರಿಗೆ ಹೇಳಿದ್ದು ಒಂದೇ ಮಾತು. "ಬಾಗಿಲು ಅಗಲ ಇರಲಿ. ಟ್ರೇ ಅಡ್ಡಕ್ಕೆ ಹಿಡ್ಕೊಂಡು ಓಡಾಡಬೇಕು."

ಮೇಸ್ತ್ರಿ ಗೋಡೆಗೆ ಟೇಪು ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದ. "ಹೊಸ್ತಿಲು ಎಷ್ಟೆತ್ತರ ಇಡ್ಲಿ ಅಮ್ಮ?" ಎಂದು ಕೇಳಿದ.

ಚೂರಮ್ಮ ಒಳಗಿನ ಹಳೆಯ ಹೊಸ್ತಿಲನ್ನು ನೋಡಿದಳು, ಭಾವನನ್ನು ನೋಡಿದಳು.

"ಹೊಸ್ತಿಲೇ ಬೇಡ," ಎಂದಳು. "ಆ ಒಳಗಿನದನ್ನೂ ಕಿತ್ತು ಹಾಕಿ."